ಕನ್ನಡದ ಸೊನ್ನೆಯೂ ಏಜೆಂಟ್ ಓದುವ ಕೈಪಿಡಿಯೂ

ವಿಜಯಪುರದ ಜೋರಾಪುರ ಪೇಟೆಯ ಕಿರಾಣಿ ಅಂಗಡಿಯೊಂದಕ್ಕೆ ಕನ್ನಡ ಅಂಕಿಗಳಲ್ಲಿ ಬಿಲ್ಲು ಕೊಡುವ ಪೈಥಾನ್ ಪ್ರೋಗ್ರಾಂ ಬರೆಯಬೇಕಿದೆ ಎಂದಿಟ್ಟುಕೊಳ್ಳಿ. 0ಗೆ ೦, 1ಕ್ಕೆ ೧ ಎಂದು ಹತ್ತು ಅಂಕಿಗಳ ಪಟ್ಟಿಯೊಂದು ಅದರಲ್ಲಿ ಇದ್ದೇ ಇರುತ್ತದೆ. ಆ ಕೋಡನ್ನು ರಫ್ ಎಂಬ ತಪಾಸಣೆಯ ಟೂಲಿಗೆ ಕೊಟ್ಟು, ಅದರ ಆರ್‌ಯುಎಫ್001 ನಿಯಮವನ್ನು ಚಾಲೂ ಮಾಡಿದರೆ, ಒಂಟಿಯಾಗಿ ನಿಂತ ೦ ಅದರ ಕಣ್ಣಿಗೆ ಬೀಳುತ್ತದೆ. ಇಲ್ಲಿ ಇಂಗ್ಲಿಷಿನ ಸಣ್ಣ 'ಓ' ಇರಬೇಕಿತ್ತೇ ಎಂದು ಅದು ಕೇಳುತ್ತದೆ.

ಟೂಲು ಕೇಳಿದ್ದರಲ್ಲಿ ತಪ್ಪಿಲ್ಲ. ಒಂದೇ ಥರ ಕಾಣುವ ಅಕ್ಷರಗಳು ಕೋಡಿನಲ್ಲಿ ಬೆರೆತರೆ ಹುಡುಕುವುದೂ ಕಷ್ಟ, ತಿದ್ದುವುದೂ ಕಷ್ಟ. ಅದಕ್ಕೇ ವಿಎಸ್ ಕೋಡ್ ಎಂಬ ಎಡಿಟರ್ ಇಂಥ ಅಕ್ಷರಗಳದೊಂದು ಪಟ್ಟಿ ಇಟ್ಟುಕೊಂಡಿದೆ. ರಫ್ ಅನುಸರಿಸುವುದೂ ಅದನ್ನೇ. ಕನ್ನಡದ ಸೊನ್ನೆ, ಅನುಸ್ವಾರ ಎರಡೂ ಅದರಲ್ಲಿ 'ಓ' ಅಕ್ಷರದ ಹೋಲಿಕೆಗಳಾಗಿ ದಾಖಲಾಗಿವೆ. ಕನ್ನಡ ಬಲ್ಲ ಪ್ರೋಗ್ರಾಮರ್ ಈ ಎಚ್ಚರಿಕೆಯನ್ನು ಓದಿ ಸುಮ್ಮನೆ ಮುಂದೆ ಹೋಗುತ್ತಾರೆ. 'ಎಲ್ಲ ಎಚ್ಚರಿಕೆಗಳನ್ನೂ ತೆಗೆದುಹಾಕು' ಎಂದು ಹೇಳಿಸಿಕೊಂಡ ಎಐ ಏಜೆಂಟ್ ಹಾಗೆ ಬಿಡುತ್ತದೆ ಎಂಬ ಭರವಸೆ ಇಲ್ಲ. ಅದು ಸೊನ್ನೆಯನ್ನು ತೆಗೆದು 'ಓ' ಇಟ್ಟರೆ ಟೂಲು ತೃಪ್ತ, ಏಜೆಂಟ್ ತೃಪ್ತ, ಬಿಲ್ಲು ಕೂಡ ನೋಡಲು ಮೊದಲಿನಂತೆಯೇ. ಆದರೆ ಪೈಥಾನ್ ಕನ್ನಡ ಅಂಕಿಗಳನ್ನು ನೇರವಾಗಿ ಓದಬಲ್ಲದು: ೧೫೦ ಕೊಟ್ಟರೆ 150 ಎಂದು ಎಣಿಸುತ್ತದೆ. ಕೊನೆಯಲ್ಲಿ 'ಓ' ಕುಳಿತ ಮೊತ್ತವನ್ನು ಮರಳಿ ಓದಿಸಿದ ದಿನ ಲೆಕ್ಕ ಅಲ್ಲಿಗೇ ನಿಲ್ಲುತ್ತದೆ.

ಇದಕ್ಕೆ ಪರಿಹಾರ ರಫ್ ಕೈಪಿಡಿಯಲ್ಲೇ ಇದೆ. ಇಂಥ ಅಕ್ಷರಗಳಿಗೆ ವಿನಾಯಿತಿ ಕೊಡುವ ಸೆಟ್ಟಿಂಗ್ ಒಂದನ್ನು ಆ ನಿಯಮದ ಪುಟ ಹೆಸರಿಸುತ್ತದೆ. ಆದರೆ ಏಜೆಂಟಿನ ಮುಂದೆ ಮೊದಲು ಬರುವುದು ಪುಟವಲ್ಲ, ಎಚ್ಚರಿಕೆಯ ಸಾಲು. ಆ ಸಾಲಿನಲ್ಲಿ ವಿನಾಯಿತಿಯ ಸುಳಿವಿಲ್ಲ, 'ಓ' ಅಕ್ಷರದ ಸಲಹೆ ಮಾತ್ರ ಇದೆ. ಆದ್ದರಿಂದ ಕೈಪಿಡಿಯ ಗುಣಮಟ್ಟ ಅಳೆಯುವವರು ಪುಟಗಳನ್ನಷ್ಟೇ ನೋಡಿದರೆ ಸಾಲದು. ಟೂಲು ಓಡುವಾಗ ಹೊರಹಾಕುವ ಪ್ರತಿ ಸಂದೇಶವೂ ಈಗ ಕೈಪಿಡಿಯ ಭಾಗ. 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಪ್ರಕಟಿಸಿದ, ಏಜೆಂಟಿಗೆ ಟೂಲುಗಳನ್ನು ಜೋಡಿಸುವ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ ಬಂದಮೇಲಂತೂ ಟೂಲಿನ ವಿವರಣೆಯೇ ಮಾಡೆಲ್ ಮುಂದೆ ಹೋಗಿ ನಿಲ್ಲುತ್ತದೆ. ಅದನ್ನು ಓದಿಯೇ ಯಾವ ಟೂಲು ಯಾವಾಗ ಬೇಕೆಂದು ಏಜೆಂಟ್ ತೀರ್ಮಾನಿಸುತ್ತದೆ.

ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ 1978ರಲ್ಲಿ ಸಿ ಭಾಷೆಗೆ ಲಿಂಟ್ ಎಂಬ ತಪಾಸಣೆಯ ಟೂಲು ಬರೆದಾಗ ಅದರ ದೂರುಗಳನ್ನು ಓದುವವರು ಮನುಷ್ಯರೇ ಆಗಿದ್ದರು. ಯಾವ ದೂರನ್ನು ಕೈಬಿಡಬೇಕು ಎಂಬ ವಿವೇಕ ಓದುಗರ ತಲೆಯಲ್ಲಿತ್ತು. ಈಗ ಅದು ಬರಹಕ್ಕೆ ಇಳಿಯಬೇಕು. ಇಂಥ ಟೂಲುಗಳನ್ನು ಬರೆದ ಕೆಲವರು ಇದನ್ನು ಮೊದಲೇ ಚೆನ್ನಾಗಿ ಮಾಡಿದ್ದಾರೆ. ಇಎಸ್‌ಲಿಂಟ್‌ನ ಎಷ್ಟೋ ನಿಯಮಗಳ ಪುಟಗಳಲ್ಲಿ ತಪ್ಪು ಕೋಡು, ಸರಿ ಕೋಡುಗಳ ಜೊತೆ ಈ ನಿಯಮ ಯಾವಾಗ ಬೇಡ ಎಂಬುದಕ್ಕೇ ಒಂದು ಭಾಗವಿದೆ. ಶೆಲ್‌ಚೆಕ್‌ನ ಪುಟಗಳಲ್ಲಿ ಅಪವಾದಗಳಿಗೆ ಪ್ರತ್ಯೇಕ ಜಾಗವಿದೆ. ನಮ್ಮ ದೃಷ್ಟಿಯಲ್ಲಿ ಏಜೆಂಟಿಗೆ ಬೇರೆಲ್ಲಕ್ಕಿಂತ ಹೆಚ್ಚು ಬೇಕಾದದ್ದು ಈ ಭಾಗ.

ಟೂಲು ಮುಗಿದಾಗ ಕೊಡುವ ಸಂಖ್ಯೆಯ ಅರ್ಥವೂ ಹೀಗೆಯೇ ಸ್ಪಷ್ಟವಿರಬೇಕು. ಇಎಸ್‌ಲಿಂಟ್ 1 ಕೊಟ್ಟರೆ ಕೋಡಿನಲ್ಲಿ ತಪ್ಪಿದೆ; 2 ಕೊಟ್ಟರೆ ತಪಾಸಣೆಯೇ ನಡೆದಿಲ್ಲ. ಪೈಲಿಂಟ್ ಎಂಬ ಇನ್ನೊಂದು ಟೂಲಿನದು ಬೇರೆಯೇ ಲೆಕ್ಕ: ಎಚ್ಚರಿಕೆಗೆ 4, ಬರವಣಿಗೆಯ ರೂಢಿ ಮುರಿದದ್ದಕ್ಕೆ 16, ಎರಡೂ ಸಿಕ್ಕರೆ ಕೂಡಿಸಿ 20. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಚ್ಚಿದರೆ, ಸೆಟ್ಟಿಂಗ್ ಕೆಟ್ಟು ಟೂಲು ನಿಂತಾಗ ಏಜೆಂಟ್ ಸರಿಯಿದ್ದ ಕೋಡನ್ನು ಕೆದಕುತ್ತ ಕೂರುತ್ತದೆ.

ಕೈಪಿಡಿ ಎಷ್ಟು ಪೂರ್ಣವಾಗಿದೆ, ಎಷ್ಟು ಸರಳವಾಗಿದೆ ಎಂದು ಇನ್ನೊಂದು ಮಾಡೆಲ್ ಕೈಲಿ ಅಂಕ ಹಾಕಿಸಿದರೆ ಇದ್ಯಾವುದೂ ಹೊರಬೀಳದು. ಒಂದೇ ಏಜೆಂಟಿಗೆ ಒಂದೇ ಕೋಡನ್ನು ಕೈಪಿಡಿ ಸಹಿತ ಒಮ್ಮೆ, ಇಲ್ಲದೆ ಒಮ್ಮೆ ಕೊಡಬೇಕು. ಉತ್ತರ ಪ್ರತಿ ಸಲ ಬದಲಾಗುವುದರಿಂದ ಹಲವು ಸಲ ಓಡಿಸಬೇಕು. ಕೊನೆಗೆ ಎಷ್ಟು ಎಚ್ಚರಿಕೆ ಮಾಯವಾದವು ಎಂದು ಎಣಿಸಿದರೆ ಮೋಸ ಹೋಗುತ್ತೇವೆ. ಮುಟ್ಟಬಾರದ ಸಾಲುಗಳಲ್ಲಿ ಎಷ್ಟು ಹಾಗೆಯೇ ಉಳಿದವು, ಪ್ರೋಗ್ರಾಂ ಮೊದಲಿನ ಉತ್ತರವನ್ನೇ ಕೊಡುತ್ತಿದೆಯೇ ಎಂಬುದನ್ನು ಎಣಿಸಬೇಕು.

ಈ ಕೆಲಸಕ್ಕೆ ಕನ್ನಡ ಬಲ್ಲವರೇ ಬೇಕು. ಬೇರೆ ಯಾರೂ ಒಂಟಿ ೦ ಇರುವ ಪರೀಕ್ಷೆ ಬರೆಯುವುದಿಲ್ಲ. ವಿಜಯಪುರದಲ್ಲೇ ಫ.ಗು. ಹಳಕಟ್ಟಿಯವರ ಹೆಸರಿನ ಇಂಜಿನಿಯರಿಂಗ್ ಕಾಲೇಜಿದೆ, ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಅಲ್ಲಿನ ವಿದ್ಯಾರ್ಥಿಗಳು ಇದನ್ನು ಎತ್ತಿಕೊಳ್ಳಲಿ, ಅಧ್ಯಾಪಕರು ಇದಕ್ಕೆ ಪೂರ್ತಿ ಅಂಕದ ಮಾನ್ಯತೆ ಕೊಡಲಿ. ಸಾಮಗ್ರಿ ದುಬಾರಿಯಲ್ಲ; ರಫ್ ಮುಕ್ತ ತಂತ್ರಾಂಶ. ಅದರ ನಿಯಮಗಳ ಪುಟಗಳು ತಯಾರಾಗುವುದು ಆಯಾ ನಿಯಮದ ರಸ್ಟ್ ಭಾಷೆಯ ಕಡತದಲ್ಲಿ ಬರೆದ ಟಿಪ್ಪಣಿಯಿಂದ. ಕನ್ನಡ, ತೆಲುಗು, ಮಲಯಾಳಂ ಅಂಕಿಗಳನ್ನು ಉದ್ದೇಶಪೂರ್ವಕವಾಗಿ ಬಳಸಿದಲ್ಲಿ ಬದಲಿಸಬೇಡಿ ಎಂಬ ಎರಡು ಸಾಲನ್ನು, ಪರೀಕ್ಷೆಯ ಫಲಿತಾಂಶದ ಸಮೇತ, ಆ ಕಡತಕ್ಕೆ ಸೇರಿಸಲು ತಿದ್ದುಪಡಿ ಕಳಿಸಬಹುದು.