ಕೂದಲು ಉದುರುವಿಕೆ: ಎಣ್ಣೆಗೂ ಮುನ್ನ ಊಟದ ತಟ್ಟೆ

ಕೂದಲು ಉದುರುತ್ತದೆ ಎಂದು ಚಿಕಿತ್ಸೆಗೆ ಬರುವವರ ಕೈಚೀಲದಲ್ಲಿ ಈಚೆಗೆ ಎರಡು ಮೂರು ಬಗೆಯ ಎಣ್ಣೆಯ ಸೀಸೆಗಳಿರುತ್ತವೆ. ಒಂದು ಟಿವಿಯ ಜಾಹೀರಾತು ನೋಡಿ ತಂದದ್ದು, ಒಂದು ಮೊಬೈಲಿನ ಮೂಲಕ ತರಿಸಿದ್ದು, ಮತ್ತೊಂದು ಜಾತ್ರೆಯಲ್ಲಿ ಕೊಂಡದ್ದು. ಇವುಗಳಲ್ಲಿ ಯಾವುದನ್ನು ಹಚ್ಚಬೇಕು ಎಂಬುದೇ ಅವರ ಮೊದಲ ಪ್ರಶ್ನೆ. ವೈದ್ಯನಾದವನು ಅದಕ್ಕೆ ಉತ್ತರಿಸುವ ಮೊದಲು ಅವರ ಕಣ್ಣಿನ ಕೆಳರೆಪ್ಪೆಯ ಒಳಭಾಗ, ನಾಲಿಗೆ ಮತ್ತು ಉಗುರುಗಳ ಬಣ್ಣವನ್ನು ನೋಡಬೇಕು. ನಮ್ಮ ತಾಯಂದಿರ ಹಾಗೂ ಬೆಳೆಯುವ ಹೆಣ್ಣುಮಕ್ಕಳ ವಿಷಯದಲ್ಲಂತೂ ಕೂದಲಿನ ನಷ್ಟಕ್ಕೆ ಕಾರಣ ಅನೇಕ ಬಾರಿ ರಕ್ತದಲ್ಲಿರುತ್ತದೆ. ರಕ್ತದ ಬಡತನಕ್ಕೆ ಕಾರಣ ಊಟದ ತಟ್ಟೆಯಲ್ಲಿರುತ್ತದೆ. ಈ ಮಾತನ್ನು ಎಣ್ಣೆ ಕಾಯಿಸುವ ವೈದ್ಯಪದ್ಧತಿಗೆ ಸೇರಿದವರೇ ಹೇಳುವುದು ಉಚಿತವೆಂದು ನನ್ನ ಭಾವನೆ.

ಆಯುರ್ವೇದವು ಕೇಶವನ್ನು ಅಸ್ಥಿಧಾತುವಿನ ಮಲವೆಂದು ಪರಿಗಣಿಸಿದೆ. ಇಲ್ಲಿ ಮಲವೆಂದರೆ ಕೊಳೆಯಲ್ಲ. ಧಾತುವಿನ ಪೋಷಣೆಯಾದ ಮೇಲೆ ಉಳಿಯುವ ಅಂಶ. ಉಂಡ ಅನ್ನವು ರಸವಾಗಿ, ರಕ್ತವಾಗಿ, ಮಾಂಸ ಮೇದಸ್ಸುಗಳನ್ನು ದಾಟಿ ಅಸ್ಥಿಯನ್ನು ಪೋಷಿಸಿದ ನಂತರವೇ ಕೂದಲಿಗೆ ಪಾಲು. ಕಾಲುವೆಯ ತಲೆಭಾಗದಲ್ಲೇ ನೀರು ಕಡಿಮೆಯಾದರೆ ಕೊನೆಯ ಹೊಲಕ್ಕೆ ಏನು ತಲುಪೀತು? ರೋಮಕೂಪಗಳನ್ನು ಸೇರಿದ ಪಿತ್ತವು ವಾತದೊಡಗೂಡಿ ಕೂದಲನ್ನು ಬೀಳಿಸುತ್ತದೆ, ಬಳಿಕ ಕಫವು ರಕ್ತದೊಡನೆ ಸೇರಿ ಆ ಕೂಪಗಳನ್ನು ಮುಚ್ಚುವುದರಿಂದ ಹೊಸ ಕೂದಲು ಹುಟ್ಟುವುದಿಲ್ಲ ಎಂದು ಸುಶ್ರುತ ಸಂಹಿತೆ ವಿವರಿಸುತ್ತದೆ. ಖಾಲಿತ್ಯವೆಂಬುದು ಇದೇ.

ತಲೆಯ ಮೇಲೆ ಸುಮಾರು 1 ಲಕ್ಷ ಕೂದಲುಗಳಿರುತ್ತವೆ. ಒಂದೊಂದು ಕೂದಲೂ 2ರಿಂದ 6 ವರ್ಷ ಬೆಳೆದು, ಸುಮಾರು 3 ತಿಂಗಳು ವಿಶ್ರಮಿಸಿ, ಬಿದ್ದುಹೋಗುತ್ತದೆ. ದಿನಕ್ಕೆ 50ರಿಂದ 100 ಕೂದಲು ಬೀಳುವುದು ಸಹಜ. ಬಾಚಣಿಗೆಯಲ್ಲಿ ನಾಲ್ಕು ಎಳೆ ಕಂಡೊಡನೆ ಗಾಬರಿಯಾಗುವ ತರುಣರು ಇದನ್ನು ನೆನಪಿಡಬೇಕು. ಆದರೆ ಟೈಫಾಯ್ಡ್, ಡೆಂಗೆಯಂತಹ ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ, ಮನೆಯಲ್ಲಿ ನಡೆದ ಸಾವಿನ ದುಃಖ, ಅತಿಯಾದ ಉಪವಾಸ ಇವುಗಳಿಂದ ಬಹಳಷ್ಟು ಕೂದಲುಗಳು ಒಟ್ಟಿಗೆ ವಿಶ್ರಾಂತಿಗೆ ಹೋಗಿಬಿಡುತ್ತವೆ. ಎರಡು ಮೂರು ತಿಂಗಳ ಬಳಿಕ ಒಟ್ಟಿಗೆ ಬೀಳುತ್ತವೆ. ಅಷ್ಟರಲ್ಲಿ ಜ್ವರ ಮರೆತುಹೋಗಿರುತ್ತದೆ, ಅಪವಾದ ಸೋಪಿಗೋ ಕೊಳವೆಬಾವಿಯ ನೀರಿಗೋ ಬರುತ್ತದೆ. ಗಡಸು ನೀರಿನಿಂದ ಕೂದಲು ಒರಟಾಗಿ ನಡುವೆ ಮುರಿಯಬಹುದು. ಬುಡಸಹಿತ ಗುಂಪಾಗಿ ಬೀಳುತ್ತಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು. ಹೆರಿಗೆಯ ಅಥವಾ ಜ್ವರದ ನಂತರದ ಈ ಉದುರುವಿಕೆ ಸಾಮಾನ್ಯವಾಗಿ ಆರು ತಿಂಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಆ ಸಮಯದಲ್ಲಿ ಹಚ್ಚಿದ ಎಣ್ಣೆಗೆ, ಅದು ಯಾವುದೇ ಇರಲಿ, ಕೀರ್ತಿ ಬರುತ್ತದೆ. ಅನೇಕ ಪವಾಡದ ಎಣ್ಣೆಗಳ ರಹಸ್ಯ ಇಷ್ಟೇ.

ತಾನಾಗಿ ನಿಲ್ಲದ ಉದುರುವಿಕೆಯ ಹಿಂದೆ ರಕ್ತಹೀನತೆ, ಥೈರಾಯ್ಡ್ ತೊಂದರೆ, ಮುಟ್ಟಿನ ದೋಷ ಇವುಗಳಲ್ಲೊಂದು ಇರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇ. 57 ಮಂದಿ ರಕ್ತಹೀನರು. ನಮ್ಮ ರಾಜ್ಯದಲ್ಲಿ ಅದು ಹೆಚ್ಚುಕಡಿಮೆ ಅರ್ಧದಷ್ಟು. ಬಡವರ ಮನೆಯ ಮಾತು ಮಾತ್ರವಲ್ಲ ಇದು. ಕಣಜ ತುಂಬಿದ ಮನೆಗಳಲ್ಲಿಯೂ ತಾಯಿ ಎಲ್ಲರಿಗೂ ಬಡಿಸಿ, ಪಾತ್ರೆಯ ತಳದಲ್ಲಿ ಉಳಿದ ಸಾರಿನೊಡನೆ ಒಂದು ರೊಟ್ಟಿ ಮುರಿದು ಊಟ ಮುಗಿಸುತ್ತಾಳೆ. ಪಲ್ಯವೂ ಕಾಳೂ ಅಷ್ಟರಲ್ಲಿ ಖಾಲಿಯಾಗಿರುತ್ತವೆ. ಮಠದ ದಾಸೋಹದಲ್ಲಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವ ನಾವು ಮನೆಗೆ ಹೋದೊಡನೆ ಆ ಪಂಕ್ತಿಯನ್ನೇಕೆ ಮುರಿಯುತ್ತೇವೆ? ಹೆಣ್ಣು ಗಂಡೆಂಬ ಭೇದವನ್ನು ಶರಣರು ಹನ್ನೆರಡನೆಯ ಶತಮಾನದಲ್ಲೇ ಅಲ್ಲಗಳೆದರು. ಸೊಸೆಯ ಜಡೆ ತೆಳ್ಳಗಾಯಿತೆಂದು ಅತ್ತೆಯವರು ಔಷಧ ಕೇಳಲು ಕರೆತರುತ್ತಾರೆ. ನನ್ನ ಮೊದಲ ಸಲಹೆ ಒಂದೇ: ರಾತ್ರಿಯ ಊಟಕ್ಕೆ ಆಕೆಯೂ ಎಲ್ಲರೊಡನೆ ಕುಳಿತುಕೊಳ್ಳಲಿ.

ನಾವು ಶಾಕಾಹಾರಿಗಳು. ಸಸ್ಯಾಹಾರದಲ್ಲಿನ ಕಬ್ಬಿಣಾಂಶವನ್ನು ದೇಹವು ಸುಲಭವಾಗಿ ಹೀರಿಕೊಳ್ಳುವುದಿಲ್ಲವಾದ್ದರಿಂದ ತುಸು ಎಚ್ಚರ ಬೇಕು. ಊಟವಾದ ಕೂಡಲೇ ಚಹಾ ಕುಡಿಯುವ ರೂಢಿ ಇದ್ದ ಕಬ್ಬಿಣಾಂಶಕ್ಕೂ ಅಡ್ಡಿಯಾಗುತ್ತದೆ. ಕನಿಷ್ಠ ಒಂದು ಗಂಟೆಯ ಅಂತರವಿರಲಿ. ಊಟದೊಡನೆ ನಿಂಬೆರಸ ಅಥವಾ ನೆಲ್ಲಿಕಾಯಿ ಇದ್ದರೆ ಹೀರಿಕೆ ಹೆಚ್ಚುತ್ತದೆ. ಸಜ್ಜೆಯ ರೊಟ್ಟಿ, ನುಗ್ಗೆಸೊಪ್ಪು, ರಾಜಗಿರಿ, ಮೊಳಕೆ ಬರಿಸಿದ ಮಡಕೆ ಮತ್ತು ಹೆಸರುಕಾಳು, ಗುರೆಳ್ಳು ಚಟ್ನಿ, ಎಳ್ಳು, ಶೇಂಗಾ ಇವೆಲ್ಲ ನಮ್ಮ ಹಿರಿಯರ ಅಡುಗೆಮನೆಯಲ್ಲಿದ್ದವೇ. ಕಬ್ಬಿಣದ ಬಾಣಲೆಯನ್ನು ಅಟ್ಟಕ್ಕೆ ಹಾಕಿದವರು ಮತ್ತೆ ಕೆಳಗಿಳಿಸುವುದು ಒಳ್ಳೆಯದು. ಕೂದಲಿನ ಬಹುಭಾಗ ಪ್ರೋಟೀನು. ಅನ್ನ ಸಾರು ಮಾತ್ರ ಉಂಡರೆ ಸಾಲದು. ಬಿ12 ಜೀವಸತ್ವ ನಮಗೆ ದೊರೆಯುವುದು ಮುಖ್ಯವಾಗಿ ಹಾಲು, ಮೊಸರು, ಮಜ್ಜಿಗೆಗಳಿಂದ. ಬರಿಗಾಲಿನಲ್ಲಿ ಹೊಲದಲ್ಲಿ ದುಡಿಯುವವರಲ್ಲಿ ಕೊಕ್ಕೆಹುಳುವಿನ ಬಾಧೆ ರಕ್ತವನ್ನು ಕುಗ್ಗಿಸುತ್ತದೆ ಎಂಬುದೂ ಗಮನದಲ್ಲಿರಲಿ. ಶ್ರಾವಣದ ಉಪವಾಸಗಳ ಬಗ್ಗೆ ಹೇಳುವುದಾದರೆ, ರಕ್ತಹೀನತೆಯುಳ್ಳವರು ಮತ್ತು ಹಾಲುಣಿಸುವ ತಾಯಂದಿರು ಉಪವಾಸ ಕೈಬಿಟ್ಟು ಇಷ್ಟಲಿಂಗ ಪೂಜೆ ಮಾಡಿದರೆ ಭಕ್ತಿಗೇನೂ ಊನವಿಲ್ಲ.

ಹಿಮೋಗ್ಲೋಬಿನ್ ಪರೀಕ್ಷೆ ಯಾವುದೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆಗುತ್ತದೆ. ಗರ್ಭಿಣಿಯರಲ್ಲದ ಸ್ತ್ರೀಯರಲ್ಲಿ ಅದು 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಅದು ಸರಿಯಿದ್ದೂ ಕೂದಲು ಉದುರುತ್ತಿದ್ದರೆ ಫೆರಿಟಿನ್, ಥೈರಾಯ್ಡ್ ಪರೀಕ್ಷೆಗಳನ್ನು ಮಾಡಿಸಬೇಕು. ಕಬ್ಬಿಣದ ಸಂಗ್ರಹ ಬರಿದಾದ ಬಳಿಕವೇ ಹಿಮೋಗ್ಲೋಬಿನ್ ಇಳಿಯುತ್ತದೆ. ಧಾತ್ರೀಲೋಹ, ಪುನರ್ನವಾ ಮಂಡೂರ, ಲೋಹಾಸವ ನಮ್ಮ ಪದ್ಧತಿಯ ಔಷಧಗಳು; ವೈದ್ಯರ ನಿರ್ದೇಶನದಲ್ಲಿ ಮಾತ್ರ ಸೇವಿಸತಕ್ಕವು. ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯನ್ನು ‘ಉಷ್ಣ’ವೆಂದು ಎಸೆಯಿಸುವ ಪಾಲಕರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಲ ಕಪ್ಪಾಗುವುದು ಆ ಮಾತ್ರೆಯ ಸಹಜ ಗುಣ, ಭಯಪಡಬೇಕಾಗಿಲ್ಲ.

ಹಾಗಾದರೆ ಎಣ್ಣೆ ನಿರುಪಯುಕ್ತವೇ? ಖಂಡಿತ ಅಲ್ಲ. ಗರುಗದ ರಸದಿಂದ ಕಾಯಿಸಿದ ಭೃಂಗರಾಜ ತೈಲದ ಶಿರೋಭ್ಯಂಗವು ನೆತ್ತಿಯ ಒಣಗುವಿಕೆಯನ್ನು ಕಳೆಯುತ್ತದೆ, ಕೂದಲು ಮುರಿಯುವುದನ್ನು ತಗ್ಗಿಸುತ್ತದೆ, ನಿದ್ರೆ ತರುತ್ತದೆ. ವಾರಕ್ಕೆ ಎರಡು ಬಾರಿ ಹಚ್ಚಿ ಸ್ನಾನ ಮಾಡಿದರೆ ಸಾಕು. ಬಿಸಿನೀರನ್ನು ತಲೆಗೆ ಸುರಿದರೆ ಕೂದಲಿಗೂ ಕಣ್ಣಿಗೂ ಬಲ ಕುಂದುತ್ತದೆಂದು ಅಷ್ಟಾಂಗಹೃದಯ ಎಚ್ಚರಿಸುತ್ತದೆ, ಉಗುರುಬೆಚ್ಚಗಿನ ನೀರಿರಲಿ. ಅತಿಯಾಗಿ ಉಪ್ಪು ತಿನ್ನುವವರಿಗೆ ಅಕಾಲದಲ್ಲಿ ಕೂದಲು ಉದುರುವುದು, ನರೆಯುವುದು ಉಂಟಾಗುತ್ತದೆಂದು ಚರಕರು ಹೇಳಿದ್ದಾರೆ. ಮೂರು ಹೊತ್ತೂ ಉಪ್ಪಿನಕಾಯಿ, ಹಪ್ಪಳ ಬೇಡುವವರು ಇದನ್ನು ಗಮನಿಸಲಿ. ಆದರೆ ಬೋಳಾದ ನೆತ್ತಿಯ ಮೇಲೆ ಎಣ್ಣೆ ಕೂದಲು ಬೆಳೆಸುತ್ತದೆಂದು ಹೇಳುವುದು ಬೇರೆಯೇ ಸಂಗತಿ. 1945ರ ಔಷಧ ನಿಯಮಗಳ ‘ಜೆ’ ಅನುಸೂಚಿಯು, ಔಷಧಗಳು ಗುಣಪಡಿಸುತ್ತೇವೆಂದು ಹೇಳಿಕೊಳ್ಳಬಾರದ ರೋಗಗಳ ಪಟ್ಟಿಯಲ್ಲಿ ಬೋಳುತಲೆಯನ್ನೂ ಸೇರಿಸಿದೆ. ಆದರೂ ಅಂತಹ ಜಾಹೀರಾತುಗಳಲ್ಲಿ ಆಯುರ್ವೇದದ ಹೆಸರೇ ಮುಂದಿರುತ್ತದೆ. ನಮ್ಮ ಶಾಸ್ತ್ರಕ್ಕೆ ಪರರಿಗಿಂತ ಹೆಚ್ಚು ಹಾನಿ ಮಾಡುತ್ತಿರುವುದು ಇದೇ ವ್ಯಾಪಾರ ಎಂಬುದು ನನ್ನ ದೃಢವಾದ ಅಭಿಪ್ರಾಯ.

ವಂಶಪಾರಂಪರ್ಯದ ಬೋಳು ತಂದೆಯ ಕಡೆಯಿಂದಲೂ ಬರಬಹುದು, ತಾಯಿಯ ಕಡೆಯಿಂದಲೂ ಬರಬಹುದು. ಪುರುಷರಲ್ಲಿ ಹಣೆಯ ಎರಡು ಬದಿ ಮತ್ತು ನೆತ್ತಿಯಲ್ಲಿ, ಸ್ತ್ರೀಯರಲ್ಲಿ ಬೈತಲೆ ಅಗಲವಾಗುತ್ತ ಇದು ಕಾಣಿಸಿಕೊಳ್ಳುತ್ತದೆ. ಇದನ್ನು ಬೇಗ ಗುರುತಿಸಿದಷ್ಟೂ ಒಳ್ಳೆಯದು. ಚರ್ಮವೈದ್ಯರು ಮಿನಾಕ್ಸಿಡಿಲ್ ದ್ರವವನ್ನು ಸೂಚಿಸುತ್ತಾರೆ. ಅದು ಕೆಲವರಿಗೆ ಫಲ ನೀಡುತ್ತದೆ, ನಿಲ್ಲಿಸಿದರೆ ಫಲವೂ ನಿಲ್ಲುತ್ತದೆ. ಅದನ್ನು ಬಯಸುವವರನ್ನು ಆಯುರ್ವೇದ ವೈದ್ಯರು ತಡೆಯಬಾರದು. ಬಯಸದವರು ತಲೆ ಬೋಳಾದುದನ್ನು ಅವಮಾನವೆಂದು ಭಾವಿಸಬೇಕಾಗಿಯೂ ಇಲ್ಲ. ಕನ್ಯೆ ನೋಡಲು ಬಂದವರು ಹುಡುಗಿಯ ಜಡೆಯ ಉದ್ದವನ್ನೂ ಹುಡುಗನ ನೆತ್ತಿಯನ್ನೂ ಅಳೆಯುವ ಪದ್ಧತಿ ನಿಂತರೆ ಚಿಂತೆಯಿಂದ ಉದುರುವ ಕೂದಲಾದರೂ ಉಳಿದೀತು.

ನಾಣ್ಯದಂತೆ ದುಂಡಗೆ, ನುಣುಪಾಗಿ ಕೂದಲು ಹೋದರೆ ಅದು ಇಂದ್ರಲುಪ್ತ. ಹುಳು ತಿಂದಿದೆ ಎಂದು ಜನ ಹೇಳುವುದು ಇದನ್ನೇ, ಆದರೆ ಅಲ್ಲಿ ಹುಳುವಿರುವುದಿಲ್ಲ. ಗುಲಗಂಜಿಯ ಲೇಪವನ್ನು ನಮ್ಮ ಗ್ರಂಥಗಳು ಹೇಳಿವೆಯೆಂದು ಮನೆಯಲ್ಲೇ ಬೀಜ ಅರೆದು ಉಜ್ಜುವವರಿದ್ದಾರೆ. ಶೋಧನೆ ಮಾಡದ ಗುಲಗಂಜಿ ವಿಷ. ಮಕ್ಕಳಿರುವ ಮನೆಯಲ್ಲಿ ಅದನ್ನು ಇಡುವುದೂ ಅಪಾಯ. ಬೆಳ್ಳುಳ್ಳಿ ಉಜ್ಜಿ ಬೊಕ್ಕೆ ಎಬ್ಬಿಸಿಕೊಳ್ಳುವುದೂ ಬೇಡ. ಮಕ್ಕಳ ತಲೆಯಲ್ಲಿ ಹೊಟ್ಟು, ತುರಿಕೆಯೊಡನೆ ಕೂದಲು ತುಂಡಾಗಿ ಬೋಳು ಕಂಡರೆ ಅದು ಬಹುತೇಕ ಶಿಲೀಂಧ್ರದ ಸೋಂಕು. ಎಣ್ಣೆ ಹಚ್ಚುತ್ತ ಕಾಯದೆ ವೈದ್ಯರಿಗೆ ತೋರಿಸಬೇಕು. ಅದಕ್ಕೆ ಹೊಟ್ಟೆಗೆ ಔಷಧ ಬೇಕಾಗುತ್ತದೆ. ಅಣ್ಣತಮ್ಮಂದಿರು ಒಂದೇ ಬಾಚಣಿಗೆ, ಒಂದೇ ಟವೆಲ್ ಬಳಸದಂತೆ ನೋಡಿಕೊಳ್ಳಬೇಕು.

ಕಾರಣ ತಿಳಿದು ಚಿಕಿತ್ಸೆ ಆರಂಭಿಸಿದವರು ಎರಡನೆಯ ವಾರದಲ್ಲೇ ಕನ್ನಡಿ ನೋಡಿ ನಿರಾಶರಾಗುತ್ತಾರೆ. ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು 1 ಸೆಂಟಿಮೀಟರು. ಉದುರುವುದು ಕಡಿಮೆಯಾಗಲು ಮೂರು ತಿಂಗಳು, ಹೊಸ ಕೂದಲು ಕಣ್ಣಿಗೆ ತುಂಬಲು ಆರು ತಿಂಗಳಿಂದ ವರ್ಷ ಬೇಕು. ಆ ಅವಧಿಯಲ್ಲಿ ಹೊಸ ಎಣ್ಣೆ ಕೊಳ್ಳುವ ಹಣದಲ್ಲಿ ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಮಾಡಿಸಿ, ಹಿಂದಿನ ಚೀಟಿಯನ್ನು ಜೊತೆಯಲ್ಲಿ ತನ್ನಿರಿ.