ಈ ಹೊದಿಕೆಗೆ ಎಷ್ಟು ತಗೋತೀರಿ?

ಇಲ್ಲಿ ಬರೆಯದೆ ಮೂರು ತಿಂಗಳಾಯ್ತು. ಸೋಮಾರಿತನ ಅಂದ್ಕೊಂಡಿದ್ರೆ ಈ ಸಲ ತಪ್ಪು. ಬಿಡುವು ಸಿಕ್ಕಾಗಲೆಲ್ಲ ಕೈಯಲ್ಲಿ ಕ್ರೋಶಾ ಕಡ್ಡಿ ಇತ್ತು. ಅಕ್ಕನ ಮಗಳು ಓದೋಕೆ ಮಡಿಕೇರಿಗೆ ಹೊರಟಿದ್ದಾಳೆ. ಅಲ್ಲಿಯ ಚಳಿಗೆ ಅಂತ ನಾಲ್ಕಡಿ ಅಗಲ, ಐದಡಿ ಉದ್ದದ ಒಂದು ಪಟ್ಟೆ ಪಟ್ಟೆ ಹೊದಿಕೆ. ಬರೀ ಬಣ್ಣದ ಪಟ್ಟೆ ಅಲ್ಲ. ಒಂದು ಪಟ್ಟೆ ನುಣುಪು, ಮುಂದಿನದ್ದು ಉಬ್ಬು ಉಬ್ಬಾಗಿ, ಅದರ ಮುಂದಿನದ್ದು ಏಣು ಏಣಾಗಿ. ಕಣ್ಣು ಮುಚ್ಚಿ ಕೈಯಾಡಿಸಿದರೂ ಯಾವ ಪಟ್ಟೆ ಅಂತ ಗೊತ್ತಾಗಬೇಕು, ಅದು ನನ್ನ ಆಸೆ.

ಮೊನ್ನೆ ಮೇಲಿನ ಮನೆಯವರು ಬಂದಿದ್ರು. ಹೊದಿಕೆಯನ್ನ ಮುಟ್ಟಿ ಮುಟ್ಟಿ ನೋಡಿ, "ಎಷ್ಟು ಚೆನ್ನಾಗಿದೆ ರೀ, ಒಳ್ಳೆ ಟೈಂಪಾಸ್ ಅಲ್ವಾ? ನಮ್ಮ ಸೊಸೆಗೂ ಒಂದು ಹಾಕ್ಕೊಡಿ. ಉಲ್ಲನ್ ನಾನೇ ತಂದ್ಕೊಡ್ತೀನಿ, ಮೇಲೆ ಐನೂರು ರೂಪಾಯಿ ಇಟ್ಕೊಳ್ಳಿ" ಅಂದ್ರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಒಳ್ಳೆಯವರು, ಹಬ್ಬಕ್ಕೆ ಒಬ್ಬಟ್ಟು ಕಳಿಸೋರು. ನಾನು "ನೋಡೋಣ" ಅಂತ ನಕ್ಕೆ.

ಅವರು ಹೋದ ಮೇಲೆ ಕ್ಯಾಲೆಂಡರ್ ಹಿಂದುಗಡೆ ಲೆಕ್ಕ ಹಾಕಿದೆ. ಅಗಲಕ್ಕೆ 168 ಹೆಣಿಗೆ, ಉದ್ದಕ್ಕೆ 132 ಸಾಲು. ನುಣುಪು ಸಾಲಾದರೆ ಹದಿನೈದು ನಿಮಿಷಕ್ಕೆ ಮುಗಿಯುತ್ತೆ, ಉಬ್ಬಿನ ಸಾಲು ಅರ್ಧ ಗಂಟೆ ತಿನ್ನುತ್ತೆ. ಸರಾಸರಿ ಇಪ್ಪತ್ತು ನಿಮಿಷ ಅಂದ್ರೂ 44 ಗಂಟೆ! ನಾಲ್ಕು ಸಾಲಿಗೊಂದು ಬಣ್ಣ, ಹಾಗಾಗಿ 33 ಪಟ್ಟೆ. ಪ್ರತಿ ಪಟ್ಟೆಗೆ ಶುರುವಿನಲ್ಲೊಂದು, ಕೊನೆಯಲ್ಲೊಂದು ದಾರದ ಬಾಲ. ಅಂದ್ರೆ 66 ಬಾಲಗಳನ್ನ ದಪ್ಪ ಸೂಜಿಗೆ ಪೋಣಿಸಿ, ಆಚೆ ಈಚೆ ಓಡಿಸಿ, ಬಿಚ್ಚಿಹೋಗದ ಹಾಗೆ ಹೆಣಿಗೆಯೊಳಗೆ ಅಡಗಿಸಬೇಕು. ಆಮೇಲೆ ಸುತ್ತ ಅಂಚು. ಒಟ್ಟು ಐವತ್ತು ಗಂಟೆ ಹಿಡೀರಿ. ಐನೂರನ್ನ ಐವತ್ತರಿಂದ ಭಾಗಿಸಿ. ಗಂಟೆಗೆ ಹತ್ತು ರೂಪಾಯಿ.

ಇದರಲ್ಲಿ ಬಿಚ್ಚಿದ್ದು ಸೇರಿಲ್ಲ. ಅದೊಂದು ಬೇರೆಯೇ ಪುರಾಣ. ಹತ್ತನೇ ಪಟ್ಟೆ ಹೊತ್ತಿಗೆ ಹೊದಿಕೆ ಸೊಂಟ ಸಣ್ಣಗಾದ ಹಾಗೆ ಕಾಣ್ತು. ಎಣಿಸಿದರೆ 161. ಪ್ರತಿ ಸಾಲಿನ ಕೊನೆಗೆ ತಿರುಗುವಾಗ ಹಾಕೋ ಸರಪಳಿಯೂ ಒಂದು ಹೆಣಿಗೆ ಅಂತ ಲೆಕ್ಕ, ಅದರ ತಲೆಗೂ ಮುಂದಿನ ಸಾಲಿನಲ್ಲಿ ಕಡ್ಡಿ ತೂರಿಸಬೇಕು. ನಾನು ಟಿವಿ ನೋಡ್ತಾ ಏಳು ಸಲ ಮರೆತಿದ್ದೆ. ಎರಡು ಸಂಜೆಯ ಕೆಲಸ ಎರಡು ನಿಮಿಷದಲ್ಲಿ ಸರ್ರಂತ ಬಿಚ್ಚಿಹೋಯ್ತು. ಅದಕ್ಕೂ ಮುಂಚೆ ಇಂಗ್ಲಿಷಿನ ಹೆಸರುಗಳ ಗೊಂದಲ. ಬ್ರಿಟಿಷರ 'ಡಬಲ್' ಅಂದ್ರೆ ಅಮೆರಿಕದವರ 'ಸಿಂಗಲ್'. ಅಮೆರಿಕದವರ 'ಡಬಲ್' ಬ್ರಿಟಿಷರಿಗೆ 'ಟ್ರೆಬಲ್'. ಯಾವ ದೇಶದ ನಮೂನೆ ಅಂತ ನೋಡದೆ ಶುರು ಮಾಡಿದರೆ ಹೊದಿಕೆ ಬದಲು ಕಾಲೊರಸು ಆಗುತ್ತೆ (ಆಗಿತ್ತು, ನಗಬೇಡಿ).

ಉಬ್ಬು ಹಾಕೋದು ಮಾತ್ರ ನನಗೆ ಈಗಲೂ ಮೋಜು. ಒಂದೇ ತೂತಿನಲ್ಲಿ ಐದು ಹೆಣಿಗೆ ಅರ್ಧರ್ಧ ಹಾಕಿ, ಕಡ್ಡಿಯ ಮೇಲೆ ನಿಂತ ಕುಣಿಕೆಗಳನ್ನೆಲ್ಲ ಒಂದೇ ಎಳೆತಕ್ಕೆ ಸೇರಿಸಿಬಿಡೋದು. ಅದನ್ನ ಹೊದಿಕೆಯ ಹಿಂಬದಿಯಿಂದ ಹಾಕಬೇಕು, ಉಬ್ಬು ಆಚೆ ಕಡೆಗೆ ಗುಳ್ಳೆಯ ಹಾಗೆ ನುಗ್ಗುತ್ತೆ. ಹಾಕುವಾಗ ನಿಮಗೆ ಕಾಣಲ್ಲ, ತಿರುಗಿಸಿದಾಗಲೇ ಕಾಣೋದು. ದಾರವನ್ನ ಮಾತ್ರ ಸಿಕ್ಕಾಪಟ್ಟೆ ಕುಡಿಯುತ್ತೆ. ಒಟ್ಟು ಒಂದೂಕಾಲು ಕೇಜಿ ಹಿಡೀತು ನನಗೆ.

ಅದಿರಲಿ, ವಿಷಯಕ್ಕೆ ಬರ್ತೀನಿ. ಸ್ವೆಟರ್ ಹೆಣಿಗೆಗೆ ಯಂತ್ರ ಬಂದು ಶತಮಾನಗಳಾದವು. ಅದರಲ್ಲಿ ಒಂದು ಸಾಲಿನ ಕುಣಿಕೆಗಳೆಲ್ಲ ಸೂಜಿಗಳ ಮೇಲೆ ಸಾಲಾಗಿ ಕಾದಿರುತ್ತವೆ, ಯಂತ್ರಕ್ಕೆ ಅದು ಸುಲಭ. ಕ್ರೋಶಾದಲ್ಲಿ ಹಾಗಲ್ಲ. ಜೀವಂತ ಇರೋ ಕುಣಿಕೆ ಸಾಮಾನ್ಯವಾಗಿ ಒಂದೇ. ಪ್ರತಿ ಸಲ ಆಗಲೇ ಮುಗಿದ ಹೆಣಿಗೆಯೊಳಗೆ ಕಡ್ಡಿ ಹೊಕ್ಕು, ದಾರ ಹಿಡಿದು, ಹೊರಗೆ ಎಳೆದು, ಮತ್ತೆ ಆ ಕುಣಿಕೆಯೊಳಗಿಂದ ಎಳೀಬೇಕು. ಎಲ್ಲಿ ಹೊಗಬೇಕು ಅಂತ ಬೆರಳೇ ತಡವಿ ಹುಡುಕುತ್ತೆ. ಇದನ್ನ ಮಾಡೋ ಯಂತ್ರ ಕಾರ್ಖಾನೆಗಳಲ್ಲಿ ಇವತ್ತಿಗೂ ಬಳಕೆಗೆ ಬಂದಿಲ್ಲ. ಕ್ರೋಶಾದ ಹಾಗೆ ಕಾಣೋ ಲೇಸನ್ನ ಯಂತ್ರ ಹೆಣೆಯುತ್ತೆ, ಅದು ಬೇರೆ ಜಾತಿ. ಹಾಗಾಗಿ ಮಾಲ್‌ನಲ್ಲಿ ಆರುನೂರಕ್ಕೆ ನಿಜವಾದ ಕ್ರೋಶಾ ಟಾಪ್ ನೇತಾಡ್ತಿದ್ರೆ, ಅದನ್ನ ಯಾರೋ ಒಬ್ಬರು ಕೂತು ಒಂದೊಂದೇ ಹೆಣಿಗೆಯಾಗಿ ಹಾಕಿದ್ದಾರೆ ಅಂತಲೇ ಅರ್ಥ. ಆ ಆರುನೂರರಲ್ಲಿ ದಾರ, ಸಾಗಾಣಿಕೆ, ಅಂಗಡಿ ಬಾಡಿಗೆ, ಲಾಭ ಎಲ್ಲ ಕಳೆದು ಅವರಿಗೆ ಎಷ್ಟು ಉಳಿದಿರಬಹುದು?

ಆಂಧ್ರದ ಪಶ್ಚಿಮ ಗೋದಾವರಿಯ ನರಸಾಪುರ ಕ್ರೋಶಾ ಲೇಸಿಗೆ ಹೆಸರಾದ ಊರು. ಮಿಷನರಿಗಳಿಂದ 19ನೇ ಶತಮಾನದಲ್ಲಿ ಅಲ್ಲಿಗೆ ಬಂದ ಕಸುಬು, ವಿದೇಶಕ್ಕೆ ರಫ್ತಾಗುತ್ತೆ, 2024ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿತು. ಮರಿಯಾ ಮೀಸ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞೆ ಆ ಹೆಂಗಸರ ಬಗ್ಗೆ 1982ರಲ್ಲೇ ಒಂದು ಪುಸ್ತಕ ಬರೆದಿದ್ದಾರೆ. ಅವರು ಹೇಳೋದರ ಸಾರ ಇಷ್ಟು: ಮನೆಯಲ್ಲಿ ಕೂತು ದಿನಗಟ್ಟಲೆ ಲೇಸು ಹಾಕೋ ಹೆಂಗಸನ್ನ 'ಗೃಹಿಣಿ' ಅಂದುಬಿಟ್ಟರೆ, ಅವಳ ದುಡಿಮೆ ಬಿಡುವಿನ ಕೆಲಸ ಆಗಿಬಿಡುತ್ತೆ. ಬಿಡುವಿನ ಕೆಲಸಕ್ಕೆ ಪೂರ್ತಿ ಕೂಲಿ ಯಾಕೆ?

ನಮ್ಮ ಟೈಂಪಾಸ್ ಅನ್ನೋ ಮಾತು ಮಾಡೋದೂ ಇದನ್ನೇ. ಅದು ಹೊಗಳಿಕೆಯ ಹಾಗೆ ಬರುತ್ತೆ, ಬೆಲೆ ಕತ್ತರಿಸಿ ಹೋಗುತ್ತೆ. ನಮ್ಮತ್ತೆ ಧಾರವಾಡದ ಕಡೆಯವರು. ನನ್ನ ಲೆಕ್ಕ ನೋಡಿ ಅಂದ್ರು: "ಕೌದಿ ಹೊಲಿಯಾಕಿ ಮನಿಗೆ ಬಂದ್ರ ಊಟಾ ಹಾಕಿ ಕೂಲಿ ಕೊಡತಿದ್ವಿ ನೋಡವ್ವಾ. ನಾ ಹಾಕಿದ ತೋರಣ, ಟೀವಿ ಕವರಿಗೆ ಯಾರೂ ಒಂದ್ ಪೈಸಾ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ಉಡುಗೊರೆ ಕೊಡೋದಾದರೆ ಪೂರ್ತಿ ಉಡುಗೊರೆ. ಅಕ್ಕನ ಮಗಳಿಗೆ ನಾನು ಲೆಕ್ಕ ಹೇಳಲ್ಲ. ಆದರೆ ಮಾರೋದಾದರೆ ಗಂಟೆಯ ಲೆಕ್ಕದಲ್ಲೇ ಮಾರಬೇಕು. ಎರಡರ ನಡುವಿನ 'ಏನೋ ನಿಮ್ಮ ಖುಷಿಗೆ ಇಷ್ಟು' ಅನ್ನೋದಿದೆಯಲ್ಲ, ಅದರಿಂದ ನನ್ನಂಥ ಸಂಬಳದವಳಿಗೆ ನಷ್ಟವಿಲ್ಲ. ನಾನು ಐನೂರಕ್ಕೆ ಒಪ್ಪಿಕೊಂಡರೆ ನಷ್ಟ ಆಗೋದು ಇದರಿಂದಲೇ ಮನೆ ನಡೆಸುವವಳಿಗೆ. 'ಆ ಮೇಡಂ ಐನೂರಕ್ಕೆ ಹಾಕ್ಕೊಡ್ತಾರಲ್ಲ' ಅಂತ ಅವಳ ಮುಂದೆ ಹೇಳ್ತಾರೆ.

ನಿನ್ನೆ ಮೆಟ್ಟಿಲ ಹತ್ರ ಸಿಕ್ಕಾಗ ಧೈರ್ಯ ಮಾಡಿ "ಐದು ಸಾವಿರ ಆಗುತ್ತೆ ರೀ, ಉಲ್ಲನ್ ಬಿಟ್ಟು" ಅಂದೆ. ಅವರು ತಮಾಷೆ ಅಂದ್ಕೊಂಡು ಜೋರಾಗಿ ನಕ್ಕರು. ಕೆಟ್ಟದ್ದೇನು ಗೊತ್ತಾ? ನಾನೂ ಜೊತೆಗೆ ನಕ್ಕುಬಿಟ್ಟೆ.

ಹೊಲಿಗೆ, ಕಸೂತಿ, ಹಪ್ಪಳ-ಸಂಡಿಗೆ ಮಾಡಿ ಕೊಡುವವರು ನಿಮ್ಮಲ್ಲಿ ಯಾರಾದರೂ ಇದ್ದರೆ ಹೇಳಿ, ನಗದೆ ಬೆಲೆ ಹೇಳೋದು ಹೇಗೆ? ನನಗಂತೂ ಇನ್ನೂ ಹತ್ತೊಂಬತ್ತು ಬಾಲ ಅಡಗಿಸೋದು ಬಾಕಿ ಇದೆ. ಭಾನುವಾರ ಅವಳ ಬಸ್ಸು.