‘ಹ್ಯಾಪಿ ಗುಡ್ ಫ್ರೈಡೇ’ ಎಂದ ಮೇಲೆ

ಕಳೆದ ವರ್ಷ ಗುಡ್ ಫ್ರೈಡೇ ಬೆಳಿಗ್ಗೆ ನನ್ನ ಕ್ರೈಸ್ತ ಸಹಪಾಠಿಗೆ ‘ಹ್ಯಾಪಿ ಗುಡ್ ಫ್ರೈಡೇ’ ಎಂದು ವಾಟ್ಸ್‌ಆ್ಯಪ್ ಸಂದೇಶ ಕಳುಹಿಸಿದೆ. ಜೊತೆಗೊಂದು ಹೂಗುಚ್ಛದ ಚಿತ್ರ ಬೇರೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು: “ಇವತ್ತು ಯೇಸು ಪ್ರಾಣ ಬಿಟ್ಟ ದಿನ ಮಾರಾಯ್ತಿ. ನಮಗೆ ಉಪವಾಸ. ಭಾನುವಾರ ವಿಶ್ ಮಾಡು.” ನನಗೆ ನಾಚಿಕೆಯಾಯಿತು. ಯಾರಾದರೂ ‘ಹ್ಯಾಪಿ ಮೊಹರಂ’ ಎಂದರೆ, ಇವರಿಗೆ ಕರ್ಬಲಾದ ವಿಷಯ ಗೊತ್ತಿಲ್ಲವೇ ಎಂದು ಬೇಸರಪಡುವವಳು ನಾನೇ.

ಈ ತಪ್ಪಿಗೆ ಒಂದು ಕಾರಣವೂ ಇದೆ. ಸರ್ಕಾರಿ ರಜೆ ಇರುವುದು ಶುಕ್ರವಾರಕ್ಕೆ. ಈಸ್ಟರ್ ಯಾವಾಗಲೂ ಭಾನುವಾರವೇ ಬರುವುದರಿಂದ ಕ್ಯಾಲೆಂಡರಿನ ಕೆಂಪು ಅಂಕಿಗಳ ನಡುವೆ ಅದು ಮರೆಯಾಗಿಬಿಡುತ್ತದೆ. ಶೋಕದ ದಿನ ನಮ್ಮ ಕಣ್ಣಿಗೆ ಬೀಳುತ್ತದೆ, ಹಬ್ಬ ಬೀಳುವುದಿಲ್ಲ.

ಆಮೇಲೆ ಅವಳನ್ನೇ ಕೇಳಿ ತಿಳಿದುಕೊಂಡೆ. 40 ದಿನಗಳ ತಪಸ್ಸುಕಾಲ ಮುಗಿಯುತ್ತಾ ಬಂದಾಗ, ಶನಿವಾರ ರಾತ್ರಿ ಚರ್ಚಿನ ದೀಪಗಳನ್ನೆಲ್ಲ ಆರಿಸುತ್ತಾರೆ. ಹೊಸ ಬೆಂಕಿಯಿಂದ ಒಂದು ದೊಡ್ಡ ಮೇಣದಬತ್ತಿ ಹೊತ್ತಿಸಿ, ಅದರಿಂದ ಎಲ್ಲರೂ ತಮ್ಮ ಬತ್ತಿ ಹೊತ್ತಿಸಿಕೊಳ್ಳುತ್ತಾರೆ. ಸತ್ತ ಯೇಸು ಮೂರನೆಯ ದಿನ ಎದ್ದುಬಂದರು, ಸಾವಿನೊಂದಿಗೆ ಎಲ್ಲ ಮುಗಿಯುವುದಿಲ್ಲ ಎಂಬುದು ಅವರ ನಂಬಿಕೆ. ಆ ಬೆಳಿಗ್ಗೆ ಸಮಾಧಿಯ ಬಳಿ ಮೊದಲು ಹೋದವರು ಹೆಂಗಸರು ಎಂದು ನಾಲ್ಕೂ ಸುವಾರ್ತೆಗಳು ಹೇಳುತ್ತವೆ. ಯೇಸು ಎದ್ದುಬರದಿದ್ದರೆ ನಮ್ಮ ನಂಬಿಕೆಯೇ ವ್ಯರ್ಥ ಎಂಬರ್ಥದಲ್ಲಿ ಸಂತ ಪೌಲರು ಕೊರಿಂಥದವರಿಗೆ ಬರೆದಿದ್ದಾರೆ. ಅಂದರೆ ಕ್ರೈಸ್ತ ಧರ್ಮ ನಿಂತಿರುವುದೇ ಈ ಒಂದು ಮಾತಿನ ಮೇಲೆ.

ಇಲ್ಲಿ ನನ್ನ ನಂಬಿಕೆ ಬೇರೆ. ಈಸಾ (ಅ) ಮರ್ಯಮರ ಮಗ, ಅಲ್ಲಾಹನ ಪ್ರವಾದಿ. ಅವರನ್ನು ಶಿಲುಬೆಗೇರಿಸಲಿಲ್ಲ ಎಂದು ಕುರ್‌ಆನಿನ ಅನ್ನಿಸಾ ಅಧ್ಯಾಯ ಹೇಳುತ್ತದೆ. ಅವಳ ಹಬ್ಬದ ತಿರುಳನ್ನೇ ನಾನು ಒಪ್ಪುವುದಿಲ್ಲ. ಅದು ಅವಳಿಗೂ ಗೊತ್ತು. ಆದರೂ ಅವಳು ಹೇಳಿದಳು, ನಾನು ಕೇಳಿದೆ.

‘ಎಲ್ಲ ಧರ್ಮಗಳೂ ಹೇಳುವುದು ಒಂದೇ’ ಎಂದು ಭಾಷಣ ಸ್ಪರ್ಧೆಗಳಲ್ಲಿ ನಾವು ಚಪ್ಪಾಳೆ ಗಿಟ್ಟಿಸುತ್ತೇವೆ. ಆದರೆ ಎಲ್ಲವೂ ಒಂದೇ ಆದರೆ ಇನ್ನೊಬ್ಬರ ಮಾತು ಕೇಳುವ ಅಗತ್ಯವೇ ಇಲ್ಲವಲ್ಲ! ಈಸ್ಟರ್ ಎಂದರೆ ಬೇಕರಿಯ ಬಣ್ಣದ ಮೊಟ್ಟೆ ಎಂದು ಸುಲಭ ಮಾಡಿಕೊಂಡರೂ ಅಷ್ಟೇ. ನಮ್ಮ ಸಂವಿಧಾನದ ಪೀಠಿಕೆ ನಂಬಿಕೆಯ ಮತ್ತು ಉಪಾಸನೆಯ ಸ್ವಾತಂತ್ರ್ಯದ ಮಾತಾಡುತ್ತದೆ. ಒಪ್ಪದವರ ನಡುವೆ ಕುಳಿತೂ ತನ್ನ ನಂಬಿಕೆಯನ್ನು ಅಂಜಿಕೆಯಿಲ್ಲದೆ ಹೇಳಿಕೊಳ್ಳಲು ಆಗಬೇಕು. ಜಾತ್ಯತೀತ ಎಂಬ ಪದಕ್ಕೆ ನಾನು ಕಂಡುಕೊಂಡ ಅರ್ಥ ಇದು.

ಇನ್ನೊಂದು ಮಾತು. ಕಳೆದ ಈಸ್ಟರ್ ಭಾನುವಾರ ಬೆಳಿಗ್ಗೆ ನಮಗೆ ವಿಶೇಷ ತರಗತಿಯಿತ್ತು. ಹಿಂದಿನ ರಾತ್ರಿ ತಡವಾಗಿ ಚರ್ಚಿನಿಂದ ಮರಳಿದ್ದ ಅವಳು ನಿದ್ದೆಗಣ್ಣಿನಲ್ಲೇ ಬಂದಿದ್ದಳು. ಏನೂ ಹೇಳಲಿಲ್ಲ, ಅಲ್ಪಸಂಖ್ಯಾತರಾದವರು ಹೀಗೆ ಎಷ್ಟೋ ಸಲ ಸುಮ್ಮನಿರುತ್ತಾರೆ. ಅದು ನಮಗೆ ಗೊತ್ತಿಲ್ಲದ ವಿಷಯವೇ? ಜುಮಾ ನಮಾಝಿಗೆ ವೇಳಾಪಟ್ಟಿ ಹೊಂದಿಸುವ ನಮ್ಮ ಕಾಲೇಜಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಈ ಬಾರಿ ವಿಶೇಷ ತರಗತಿಯ ದಿನಗಳನ್ನು ಗೊತ್ತುಮಾಡುವಾಗ ಆ ಒಂದು ಭಾನುವಾರವನ್ನು ಬಿಟ್ಟುಕೊಡಿ ಎಂದು ಉಪನ್ಯಾಸಕರಲ್ಲಿ ನನ್ನ ವಿನಂತಿ.

ಸಹಪಾಠಿಗಳಲ್ಲಿಯೂ ಒಂದು ವಿನಂತಿ: ಶುಭಾಶಯ ಕಳುಹಿಸುವ ಮೊದಲು, ಆ ದಿನ ಏನೆಂದು ಒಮ್ಮೆ ಕೇಳಿ.